ನಗ್ಗರ್‌ನ ಬೆಟ್ಟ, ತಾತಗುಣಿಯ ತೋಟ

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆಯವರಿಗೆ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ಹೆಸರು ಹೊಸದಲ್ಲ. ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೋ ನಿಲ್ದಾಣ ದಾಟಿ ಕಗ್ಗಲೀಪುರದ ಕಡೆ ಹೊರಟರೆ ಸಿಗುವ ಸುಮಾರು 470 ಎಕರೆಯ ತೋಟ ಅದು. ರಷ್ಯಾ ಮೂಲದ ಚಿತ್ರಕಲಾವಿದ ಸ್ವೆತೋಸ್ಲಾವ್ ರೋರಿಚ್ ಮತ್ತು ಅವರ ಪತ್ನಿ, ಹಿಂದಿ ಚಿತ್ರಗಳ ಹಳೆಯ ನಾಯಕಿ ದೇವಿಕಾರಾಣಿ ಬಾಳಿದ ಜಾಗ. ಇದೇ ಮನೆತನದ ಇನ್ನೊಂದು ಮನೆ, ಇನ್ನೊಂದು ತೋಟ ಹಿಮಾಲಯದಲ್ಲಿದೆ. ಹಿಮಾಚಲ ಪ್ರದೇಶದ ಕುಲು ಕಣಿವೆಯ ನಗ್ಗರ್ ಎಂಬ ಊರಲ್ಲಿ.

ನಮ್ಮ ಜಮೀನು ಇರುವುದು ಕಗ್ಗಲೀಪುರದ ಆಚೆ. ತಾತಗುಣಿಯ ಬೇಲಿ ನೋಡಿಕೊಂಡೇ ಬೆಳೆದವನು ನಾನು. 2024 ರ ಸೆಪ್ಟೆಂಬರ್ ಕೊನೆಗೆ, ರಾಗಿಗೆ ಕಳೆ ತೆಗೆದು ಸ್ವಲ್ಪ ಬಿಡುವಾದಾಗ, ಮನೆಯವರ ಜೊತೆ ನಗ್ಗರ್‌ಗೆ ಹೋಗಿ ಐದು ದಿನ ಇದ್ದು ಬಂದೆ. ಪ್ರವಾಸದ ಕಥೆ ಹೇಳುವುದು ನನ್ನ ಉದ್ದೇಶವಲ್ಲ. ಒಂದೇ ಕುಟುಂಬದ ಎರಡು ತೋಟಗಳಿಗೆ ಎರಡು ಬೇರೆ ಗತಿ ಬಂತು. ಅದರಲ್ಲಿ ನಮ್ಮಂಥ ಸಣ್ಣ ಹಿಡುವಳಿದಾರರು ಗಮನಿಸುವ ವಿಷಯ ಇದೆ. ಹೋಗುವವರಿಗೆ ಬೇಕಾದ ವಿವರವನ್ನೂ ಸೇರಿಸಿದ್ದೇನೆ.

ಎಲ್ಲಿದೆ, ಹೇಗೆ ಹೋಗುವುದು?

ನಗ್ಗರ್ ಇರುವುದು ಬಿಯಾಸ್ ನದಿಯ ಎಡದಂಡೆಯಲ್ಲಿ. ಎತ್ತರ ಸಮುದ್ರಮಟ್ಟದಿಂದ ಸುಮಾರು 1800 ಮೀಟರ್. ಬೆಂಗಳೂರು ಇರುವುದು 900 ಮೀಟರ್ ಆಸುಪಾಸಿನಲ್ಲಿ. ಅಂದರೆ ನಮ್ಮ ಎರಡರಷ್ಟು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ಎತ್ತರ. ಆದರೂ ಮುಳ್ಳಯ್ಯನಗಿರಿಯಲ್ಲಿ ಹಿಮ ಬೀಳುವುದಿಲ್ಲ, ನಗ್ಗರ್‌ನಲ್ಲಿ ಬೀಳುತ್ತದೆ. ಕಾರಣ ಎತ್ತರ ಒಂದೇ ಅಲ್ಲ. ನಾವು ಸಮಭಾಜಕಕ್ಕೆ ಹತ್ತಿರ, 13 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಅವರು 32 ಡಿಗ್ರಿಯಲ್ಲಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಬಿಸಿಲು ಓರೆ, ಹಗಲು ಗಿಡ್ಡ. ಈ ಒಂದು ವ್ಯತ್ಯಾಸದಿಂದಲೇ ಅಲ್ಲಿ ಸೇಬು, ಇಲ್ಲಿ ಮಾವು.

ನಾವು ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದೆವು. ರೈಲಿನಲ್ಲಿ ಎರಡು ರಾತ್ರಿ ಕಳೆದರೆ ದೆಹಲಿ. ಅಲ್ಲಿಂದ ಮನಾಲಿಗೆ ರಾತ್ರಿ ಬಸ್. ಮನಾಲಿಯವರೆಗೆ ಹೋಗಬೇಕಿಲ್ಲ. ಅದಕ್ಕೆ ಮುಂಚೆಯೇ ಪತ್ಲಿಕುಹಲ್ ಎಂಬಲ್ಲಿ ಇಳಿದು ನದಿ ದಾಟಿ ಆರು ಕಿಲೋಮೀಟರ್ ಮೇಲೆ ಹತ್ತಿದರೆ ನಗ್ಗರ್. ಮನಾಲಿ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹೆದ್ದಾರಿಯ ಗಲಾಟೆಯೆಲ್ಲ ಬಲದಂಡೆಗೆ. 2020 ರ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಕೆಳಗಿನ ಅಟಲ್ ಸುರಂಗ ತೆರೆದ ಮೇಲೆ ಬಹಳ ಮಂದಿ ಮನಾಲಿಯಿಂದ ನೇರ ಲಾಹೌಲ್ ಕಡೆ ಓಡುತ್ತಾರೆ. ನಗ್ಗರ್ ಹಾಗಾಗಿ ಇನ್ನೂ ಸದ್ದಿಲ್ಲದ ಊರು.

ಮಳೆಗಾಲದಲ್ಲಿ ಮಾತ್ರ ಆ ಕಡೆ ಹೊರಡಬೇಡಿ. 2023 ರ ಜುಲೈನಲ್ಲಿ ಬಿಯಾಸ್ ಉಕ್ಕಿ ಹೆದ್ದಾರಿಯನ್ನೇ ಕೊಚ್ಚಿಕೊಂಡು ಹೋಗಿತ್ತು. ನಾವು ಹೋದಾಗಲೂ ಅದರ ಗುರುತು ಅಲ್ಲಲ್ಲಿ ಕಾಣುತ್ತಿತ್ತು.

ಕಲ್ಲು, ಮರ, ದನ

ನಗ್ಗರ್ ಹಿಂದೆ ಕುಲು ಅರಸರ ರಾಜಧಾನಿ. 17 ನೇ ಶತಮಾನದಲ್ಲಿ ರಾಜಧಾನಿ ಈಗಿನ ಕುಲು ಪಟ್ಟಣಕ್ಕೆ ಹೋಯಿತು. ಹಳೆಯ ಕೋಟೆಮನೆ ಉಳಿದಿದೆ, ಈಗ ಅದು ಹಿಮಾಚಲ ಪ್ರವಾಸೋದ್ಯಮ ನಿಗಮದ ಹೋಟೆಲು. ಕಟ್ಟಿದ ರೀತಿ ನೋಡುವಂಥದ್ದು. ಒಂದು ವರಸೆ ದೇವದಾರು ತೊಲೆ, ಒಂದು ವರಸೆ ಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು. ಗಾರೆ ಇಲ್ಲ, ಸಿಮೆಂಟು ಇಲ್ಲ. ಈ ಕಟ್ಟಡಕ್ಕೆ ಕಾಠ್‌ಕುಣಿ ಎನ್ನುತ್ತಾರೆ. ಭೂಮಿ ನಡುಗಿದರೆ ತೊಲೆಗಳು ಸ್ವಲ್ಪ ಜರುಗಿ ಮತ್ತೆ ಕೂರುತ್ತವೆ. 1905 ರ ಏಪ್ರಿಲ್ 4 ರ ಕಾಂಗ್ಡಾ ಭೂಕಂಪವನ್ನು ತಾಳಿಕೊಂಡು ನಿಂತ ಮನೆ ಇದು.

ರೈತರ ಹಳೆಯ ಮನೆಗಳೂ ಇದೇ ಮಾದರಿ. ಕೆಳಗೆ ದನ, ನಡುವೆ ಕಾಳುಕಡ್ಡಿ, ಮೇಲೆ ಜನ. ದನದ ಮೈಬಿಸಿ ಮೇಲಿನವರಿಗೆ ಚಳಿ ಕಾಯಿಸಲು ಸಹಾಯ. ನಮ್ಮ ಹಳ್ಳಿಯಲ್ಲೂ ಹಿಂದೆ ದನ ಮನೆಯೊಳಗೇ ಇರುತ್ತಿತ್ತಲ್ಲ, ಹಾಗೆ. ಹಿತ್ತಿಲಲ್ಲಿ ಹುಲ್ಲಿನ ಹೊರೆಯನ್ನು ಮರದ ಕವಲಿಗೆ ಸಿಕ್ಕಿಸಿ ಒಣಗಿಸುತ್ತಾರೆ. ನಾಲ್ಕು ತಿಂಗಳ ಮೇವು ಚಳಿಗೆ ಮುಂಚೆ ಸೇರಬೇಕು.

ನೀರಿನ ಕಾಲುವೆಯೂ ನಮ್ಮವರಿಗೆ ಅರ್ಥವಾಗುವಂಥದ್ದೇ. ಬೆಟ್ಟದ ತೊರೆಯನ್ನು ಮೇಲೆಯೇ ತಿರುಗಿಸಿ, ಇಳಿಜಾರಿನ ಗುಂಟ ಸಣ್ಣ ಕಾಲುವೆಯಲ್ಲಿ ತರುತ್ತಾರೆ. ಇದಕ್ಕೆ ಕೂಲ್ ಎಂದು ಹೆಸರು. ಪಂಪು ಇಲ್ಲ, ಕರೆಂಟು ಇಲ್ಲ. ಪಕ್ಕದ ಕಾಂಗ್ಡಾ ಜಿಲ್ಲೆಯಲ್ಲಿ ಕೂಲ್ ನೋಡಿಕೊಂಡು ಸರದಿಯಂತೆ ನೀರು ಬಿಡುವವನಿಗೆ ಕೊಹ್ಲಿ ಎನ್ನುತ್ತಾರೆ. ನಮ್ಮ ಕೆರೆಗಳಿಗೆ ಇದ್ದ ನೀರುಗಂಟಿ ಬೇರೆ ಯಾರು? ಹೆಸರು ಬೇರೆ, ಕೆಲಸ ಒಂದೇ.

ಸೇಬಿನ ನಿದ್ದೆ

ನಾವು ಉಳಿದ ಮನೆಯ ಪಕ್ಕದಲ್ಲೇ ಸೇಬಿನ ತೋಟ. ಕೊನೆಯ ಕೊಯ್ಲು ನಡೆದಿತ್ತು. ಯಜಮಾನರಿಗೆ ಎಪ್ಪತ್ತರ ವಯಸ್ಸು. ನನ್ನ ಹಿಂದಿ ಅಷ್ಟಕ್ಕಷ್ಟೆ, ಆದರೆ ರೈತರಿಬ್ಬರು ಮರದ ಬುಡದಲ್ಲಿ ಕೂತರೆ ಮಾತು ಹೇಗೋ ಸಾಗುತ್ತೆ.

ಸೇಬಿಗೆ ನಿದ್ದೆ ಬೇಕು ಎಂದರು. ಚಳಿಗಾಲಕ್ಕೆ ಎಲೆ ಉದುರಿಸಿ ಮಲಗಿದ ಮರ, 7 ಡಿಗ್ರಿಗಿಂತ ಕಡಿಮೆ ತಣ್ಣಗಿನ ಗಂಟೆಗಳನ್ನು ಲೆಕ್ಕ ಹಾಕುತ್ತದೆ. ಡೆಲಿಷಸ್ ಜಾತಿಗೆ ಇಂಥ ಗಂಟೆ ಸುಮಾರು ಸಾವಿರ ಬೇಕು. ಲೆಕ್ಕ ತುಂಬಿದರೆ ವಸಂತದಲ್ಲಿ ಎಲ್ಲ ಮೊಗ್ಗೂ ಒಟ್ಟಿಗೆ ಅರಳುತ್ತವೆ, ಜೇನುಹುಳ ಪರಾಗ ಮುಟ್ಟಿಸುತ್ತದೆ. ತುಂಬದಿದ್ದರೆ ಹೂವು ಹಿಂದೆ ಮುಂದೆ, ಕಾಯಿ ಕಟ್ಟುವುದು ಕಡಿಮೆ. ಈಚೆಗೆ ಹಿಮ ತಡವಾಗಿ ಬೀಳುತ್ತದೆ, ಬೇಗ ಕರಗುತ್ತದೆ. ಕಣಿವೆಯ ಕೆಳಭಾಗದಲ್ಲಿ ಸೇಬು ಕಿತ್ತು ದಾಳಿಂಬೆ, ಪ್ಲಮ್, ತರಕಾರಿಗೆ ಹೊರಳಿದವರು ಬಹಳ. ಸೇಬು ಮೇಲೆ ಮೇಲೆ ಹತ್ತುತ್ತಿದೆ. "ಬೆಟ್ಟಕ್ಕೂ ಒಂದು ತುದಿ ಇದೆಯಲ್ಲ, ಆಮೇಲೆ ಎಲ್ಲಿಗೆ ಹತ್ತೋದು?" ಎಂದರು.

ಬೆಲೆಯ ಮಾತು ಬಂದಾಗ ಪೆಟ್ಟಿಗೆ ತೋರಿಸಿದರು. ಹಳೆಯ ಪೆಟ್ಟಿಗೆಗೆ ಎಷ್ಟು ತುರುಕಿದರೂ ಮಂಡಿಯಲ್ಲಿ ದುಡ್ಡು ಪೆಟ್ಟಿಗೆ ಲೆಕ್ಕದಲ್ಲೇ. 2024 ರ ಹಂಗಾಮಿನಿಂದ ಹಿಮಾಚಲ ಸರ್ಕಾರ ಒಂದೇ ಅಳತೆಯ, 20 ಕಿಲೋ ಹಿಡಿಯುವ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತು. ಮಂಡಿಯಲ್ಲಿ ಟೊಮೆಟೊ ಕ್ರೇಟು ಇಳಿಸಿದ ನಮ್ಮವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಸೇಬು ಬೆಳೆಯುತ್ತೆ ಅಂತ ಗಿಡ ಮಾರುವವರಿದ್ದಾರೆ. ಚಳಿ ಕಡಿಮೆ ಸಾಕಾಗುವ ಜಾತಿಗಳು ನಿಜಕ್ಕೂ ಇವೆ. ಅನ್ನಾ, ಡಾರ್ಸೆಟ್ ಗೋಲ್ಡನ್ ಹಳೆಯವು. ಹಿಮಾಚಲದ್ದೇ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಆರಿಸಿ ಬೆಳೆಸಿದ ಎಚ್‌ಆರ್‌ಎಂಎನ್-99 ಎಂಬ ತಳಿ ಈಗ ಬಯಲುಸೀಮೆಗೂ ಬಂದಿದೆ. ಅವರಿಗೆ 2025 ರಲ್ಲಿ ಪದ್ಮಶ್ರೀ ಸಂತು. ಒಬ್ಬ ರೈತನ ಕೆಲಸ ಇದು, ಸಂತೋಷದ ವಿಷಯ. ಆದರೆ ನಾಲ್ಕು ಗಿಡ ಇಟ್ಟು ನಾಲ್ಕು ವರ್ಷ ನೋಡಿ, ಆಮೇಲೆ ಎಕರೆ ಲೆಕ್ಕ ಹಾಕಿ ಎನ್ನುವುದು ನನ್ನ ಮಾತು.

ಇನ್ನೊಂದು ವಿಷಯ. ನಗ್ಗರ್‌ನ ಎದುರು ದಡದ ಕತ್ರೈನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಎಲೆಕೋಸು, ತಡವಾಗಿ ಬರುವ ಹೂಕೋಸಿನ ಗಿಡಗಳು ಬೀಜ ಕಟ್ಟಬೇಕಾದರೆ ಕೆಲವು ವಾರ ಚಳಿ ತಿನ್ನಲೇಬೇಕು. ಅದಕ್ಕೇ ಮಾಲೂರು, ಆನೇಕಲ್ ಹೊಲದಲ್ಲಿ ಎಲೆಕೋಸಿನ ಗಡ್ಡೆ ಚೆನ್ನಾಗಿ ಬಂದರೂ ಬೀಜ ಬರುವುದಿಲ್ಲ. ಪೂಸಾ ಸ್ನೋಬಾಲ್ ಕೆ-1 ಎಂಬ ಹೂಕೋಸು ಬೆಳೆದ ಹಿರಿಯರಿಗೆ ಹೇಳುತ್ತೇನೆ: ಆ ತಳಿ ಬಂದದ್ದು ಈ ಕತ್ರೈನ್ ಕೇಂದ್ರದಿಂದ.

ರೋರಿಚ್ ಮನೆ

ಕೋಟೆಮನೆಯಿಂದ ಒಂದು ಕಿಲೋಮೀಟರಿನಷ್ಟು ಮೇಲಕ್ಕೆ ನಡೆದರೆ ರೋರಿಚ್ ಎಸ್ಟೇಟು. ಸ್ವೆತೋಸ್ಲಾವ್ ಅವರ ತಂದೆ ನಿಕೊಲಸ್ ರೋರಿಚ್ ದೊಡ್ಡ ಚಿತ್ರಕಲಾವಿದರು. 1928 ರಲ್ಲಿ ಕುಟುಂಬ ಸಮೇತ ಈ ಕಣಿವೆಗೆ ಬಂದು ನೆಲೆಸಿದರು. ಅದೇ ವರ್ಷ ಉರುಸ್ವತಿ ಎಂಬ ಹಿಮಾಲಯ ಸಂಶೋಧನಾ ಸಂಸ್ಥೆ ಆರಂಭಿಸಿದರು. ಹಿರಿಯ ಮಗ ಜಾರ್ಜ್ ಅದರ ನಿರ್ದೇಶಕ. ಬೆಟ್ಟದ ಔಷಧಿ ಗಿಡಗಳನ್ನು ಹುಡುಕಿ, ಒಣಗಿಸಿ, ಹೆಸರು ಬರೆದು ಇಡುವುದು, ಟಿಬೆಟಿನ ವೈದ್ಯದ ಪುಸ್ತಕಗಳನ್ನು ಓದುವುದು ಅಲ್ಲಿನ ಕೆಲಸ. ಎರಡನೇ ಮಹಾಯುದ್ಧದ ಹೊತ್ತಿಗೆ ಕೆಲಸ ನಿಂತಿತು. ನಿಕೊಲಸ್ 1947 ರ ಡಿಸೆಂಬರ್ 13 ರಂದು ಅಲ್ಲಿಯೇ ತೀರಿಕೊಂಡರು. ಹಿಮದ ಬೆಟ್ಟ ಕಾಣುವ ಇಳಿಜಾರಿನಲ್ಲಿ ಒಂದು ಬಂಡೆ ಅವರ ನೆನಪಿಗೆ ನಿಂತಿದೆ.

ಮನೆಯ ಕೆಳಗೆ ಚಿತ್ರಶಾಲೆ, ಮೇಲಿನ ಕೋಣೆಗಳನ್ನು ಹೊರಗಿನಿಂದ ನೋಡಬಹುದು. ಹಳೆಯ ಕಾರು ಹಾಗೇ ಇದೆ. ಗಿಡಗಳಿಗೆ ಪಾತಿ ಮಾಡಿ ಚೊಕ್ಕಟವಾಗಿ ಇಟ್ಟಿದ್ದಾರೆ. 1992 ರಲ್ಲಿ, ಸ್ವೆತೋಸ್ಲಾವ್ ಬದುಕಿದ್ದಾಗಲೇ, ಅಂತರರಾಷ್ಟ್ರೀಯ ರೋರಿಚ್ ಸ್ಮಾರಕ ಟ್ರಸ್ಟ್ ಆಯಿತು. ಮನೆ, ಚಿತ್ರ, ತೋಟ ಅದರ ಸುಪರ್ದಿಗೆ ಹೋಯಿತು. ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದು.

ನಮ್ಮ ಪಕ್ಕದ ತೋಟದ ಯಜಮಾನರಿಗೆ ನಾವು ಬೆಂಗಳೂರಿನವರು ಎಂದು ತಿಳಿದಾಗ ಕೇಳಿದ್ದು ಇದೇ: "ನಿಮ್ಮಲ್ಲೂ ಸಾಹೇಬರ ತೋಟ ಇದೆಯಲ್ಲ, ಹೇಗಿದೆ? ಏನು ಬೆಳೆದಿದ್ದಾರೆ?" ಬೇಲಿ ಪಕ್ಕದವನಾದ ನಾನು ಹೇಳಿದ್ದು ಬೇಲಿಯಿಂದ ಕಂಡಷ್ಟೇ. ಅದಕ್ಕಿಂತ ಹೆಚ್ಚು ಯಾಕೆ ಕಾಣುವುದಿಲ್ಲ ಎಂಬುದನ್ನು ವಿವರಿಸಲು ಒಂದು ಸಂಜೆ ಬೇಕಾಯಿತು.

ತಾತಗುಣಿಯ ಲಿನಾಲೋ

ಸ್ವೆತೋಸ್ಲಾವ್ ಮತ್ತು ದೇವಿಕಾರಾಣಿ ಮದುವೆಯಾದದ್ದು 1945 ರಲ್ಲಿ. ಕೆಲವು ವರ್ಷ ಕುಲು ಕಣಿವೆಯಲ್ಲಿದ್ದು 1940 ರ ದಶಕದ ಕೊನೆಗೆ ಬೆಂಗಳೂರಿಗೆ ಬಂದರು. ತಾತಗುಣಿಯಲ್ಲಿ ಮುಖ್ಯ ಬೆಳೆ ಲಿನಾಲೋ. ಬಹಳ ಜನಕ್ಕೆ ಈ ಮರದ ಪರಿಚಯವಿಲ್ಲ. ಮೆಕ್ಸಿಕೊ ದೇಶದ್ದು, ನಮ್ಮ ಧೂಪದ ಮರ, ಗುಗ್ಗುಳದ ಕುಟುಂಬಕ್ಕೆ ಸೇರಿದ್ದು. ಎಲೆ ಉಜ್ಜಿದರೆ ಘಮ ಎನ್ನುತ್ತದೆ. ಕಡ್ಡಿ ನೆಟ್ಟು ಗಿಡ ಮಾಡುತ್ತಾರೆ. ಚಳಿಗಾಲಕ್ಕೆ ಎಲೆ ಉದುರಿ, ಬೇಸಿಗೆ ಮಳೆಯ ಹೊತ್ತಿಗೆ ಚಿಗುರು, ಹೂವು. ಮಳೆಗಾಲದಲ್ಲಿ ಸಣ್ಣ ಕಾಯಿ ಕೊಯ್ಲಿಗೆ ಬರುತ್ತದೆ.

ಮೆಕ್ಸಿಕೊದಲ್ಲಿ ಮರವನ್ನೇ ಕಡಿದು ಎಣ್ಣೆ ಇಳಿಸುತ್ತಿದ್ದರು. ನಮ್ಮಲ್ಲಿ ಹಾಗಲ್ಲ. ಕಾಯಿ ಒಣಗಿಸಿ, ಬೀಜ ಬೇರೆ ಮಾಡಿ, ಸಿಪ್ಪೆಯನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತಾರೆ. ಮರ ಉಳಿಯುತ್ತದೆ, ವರ್ಷವರ್ಷ ಕಾಯಿ ಸಿಗುತ್ತದೆ. ಎಣ್ಣೆಯಲ್ಲಿ ಇರುವುದು ಲಿನಲೂಲ್, ಲಿನಲೈಲ್ ಅಸಿಟೇಟ್. ಲ್ಯಾವೆಂಡರ್ ಹೂವಿನ ಎಣ್ಣೆಯಲ್ಲಿರುವುದೂ ಇವೇ. ಅದಕ್ಕೇ ಇದಕ್ಕೆ ಭಾರತದ ಲ್ಯಾವೆಂಡರ್ ಎಂಬ ಹೆಸರು. ಸಾಬೂನು, ಸುಗಂಧ ತಯಾರಿಸುವವರು ಗಿರಾಕಿಗಳು. ಈ ವಸ್ತುಗಳನ್ನು ಕಾರ್ಖಾನೆಯಲ್ಲಿ ಕೃತಕವಾಗಿಯೂ ತಯಾರಿಸುತ್ತಾರೆ. ಆದ್ದರಿಂದ ಇಂಥ ಬೆಳೆಗೆ ಕೈ ಹಾಕುವವರು ಮೊದಲು ಎಣ್ಣೆ ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳಬೇಕು. ಸುಗಂಧ ಬೆಳೆಗಳ ಮಾಹಿತಿಗೆ ಬೆಂಗಳೂರಿನಲ್ಲೇ ಸೀಮ್ಯಾಪ್ ಸಂಶೋಧನಾ ಕೇಂದ್ರವಿದೆ.

ಈ ಬೆಳೆಗೆ ಕಾನೂನಿನ ಒಂದು ನಂಟೂ ಇತ್ತು. ಕರ್ನಾಟಕದ ಭೂಸುಧಾರಣಾ ಕಾಯಿದೆಯ ಮಿತಿಯಿಂದ ಲಿನಾಲೋ ಬೆಳೆಯುವ ಜಮೀನಿಗೆ ವಿನಾಯಿತಿ ಇತ್ತು. ಅಷ್ಟು ದೊಡ್ಡ ಹಿಡುವಳಿ ಒಟ್ಟಿಗೆ ಉಳಿಯಲು ಅದೂ ಒಂದು ಕಾರಣ. ಆ ವಿನಾಯಿತಿಯನ್ನು ಸರ್ಕಾರ 1994 ರ ಮಾರ್ಚ್ 8 ರ ಅಧಿಸೂಚನೆಯಿಂದ ತೆಗೆದುಹಾಕಿತು.

ಬೀಗ ಬಿದ್ದ ವರ್ಷಗಳು

ಸ್ವೆತೋಸ್ಲಾವ್ 1993 ರ ಜನವರಿ 30 ರಂದು, ದೇವಿಕಾರಾಣಿ 1994 ರ ಮಾರ್ಚ್ 9 ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಇಬ್ಬರ ಸಮಾಧಿಯೂ ತಾತಗುಣಿಯ ತೋಟದಲ್ಲೇ ಇದೆ. ಅವರ ಕೊನೆಯ ವರ್ಷಗಳಲ್ಲೇ ಜಮೀನು ತಮಗೆ ಕ್ರಯವಾಗಿದೆ ಎಂದು ಒಂದು ಖಾಸಗಿ ಕಂಪೆನಿ ಹೇಳಿತು. ಸರ್ಕಾರ ಒಪ್ಪಲಿಲ್ಲ. 1996 ರಲ್ಲಿ ವಿಧಾನಮಂಡಲ ಈ ಎಸ್ಟೇಟಿಗೆಂದೇ ಪ್ರತ್ಯೇಕ ಕಾಯಿದೆ ಮಾಡಿ ಸ್ವಾಧೀನಕ್ಕೆ ತೆಗೆದುಕೊಂಡಿತು. ಮೊಕದ್ದಮೆ ಹೈಕೋರ್ಟು, ಅಲ್ಲಿಂದ ಸುಪ್ರೀಂ ಕೋರ್ಟು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ಕಾಯಿದೆಯನ್ನು ಎತ್ತಿಹಿಡಿದದ್ದು 2011 ರ ಆಗಸ್ಟ್ 9 ರಂದು.

ದೇವಿಕಾರಾಣಿ ತೀರಿಕೊಂಡು ಹದಿನೇಳು ವರ್ಷ ಆಗಿತ್ತು. ಬೆಳೆಗೆ ನ್ಯಾಯಾಲಯದ ತಾರೀಖು ಗೊತ್ತಾಗುತ್ತದೆಯೇ? ಕಾಯಿ ಆ ಹದಿನೇಳು ಮಳೆಗಾಲದಲ್ಲೂ ಬಲಿಯಿತು. ತೋಟದ ಆಗುಹೋಗು ಗೊತ್ತಿದ್ದವರಿಗೆ ಅಷ್ಟರಲ್ಲಿ ವಯಸ್ಸಾಗಿತ್ತು. ಒಂದು ಒಳ್ಳೆಯ ಮಾತೂ ಇದೆ. ಸುತ್ತ ಎಲ್ಲ ಬಡಾವಣೆ, ಅಪಾರ್ಟ್‌ಮೆಂಟು ಎದ್ದಾಗ ಇಷ್ಟು ಮರ, ಇಷ್ಟು ನೆಲ ಒಂದೇ ಕಡೆ ಉಳಿಯಿತು. ಪಕ್ಕದಲ್ಲೇ ಬಿ.ಎಂ. ಕಾವಲ್ ಕಾಡು. ಬನ್ನೇರುಘಟ್ಟದ ಕಡೆಯಿಂದ ಬರುವ ಆನೆಗಳಿಗೂ ಇಂಥ ಜಾಗ ಬೇಕು. ಈಗ ಎಸ್ಟೇಟು ಸರ್ಕಾರದ ಮಂಡಳಿಯ ಕೈಯಲ್ಲಿದೆ. ವಸ್ತುಸಂಗ್ರಹಾಲಯದ ಮಾತು ಆಗಾಗ ಕೇಳಿಬರುತ್ತದೆ. ನಗ್ಗರ್‌ನಂತೆ ದಿನವೂ ಹೋಗಿ ನೋಡುವ ಜಾಗವಾಗಿ ಅದು ತೆರೆದರೆ, ಲಿನಾಲೋ ಎಣ್ಣೆ ಇಳಿಸುವುದನ್ನೂ ತೋರಿಸಿದರೆ, ಶಾಲೆ ಮಕ್ಕಳಿಗೂ ರೈತರಿಗೂ ಲಾಭ. ಅಲ್ಲಿಯವರೆಗೆ ರೋರಿಚ್ ಚಿತ್ರಗಳನ್ನು ನೋಡಬೇಕೆನ್ನುವವರು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಬಹುದು.

ನಮಗೆ ಏನು?

ನಗ್ಗರ್‌ನಲ್ಲಿ ಯಜಮಾನ ಇರುವಾಗಲೇ ಮುಂದಿನ ವ್ಯವಸ್ಥೆ ಆಯಿತು. ತಾತಗುಣಿಯಲ್ಲಿ ಮುಂದೆ ಯಾರಿಗೆ ಎಂಬುದೇ ವ್ಯಾಜ್ಯವಾಯಿತು. 470 ಎಕರೆಗೂ ನಾಲ್ಕು ಎಕರೆಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ನನ್ನ ಇಬ್ಬರು ಮಕ್ಕಳೂ ಜೆ.ಪಿ. ನಗರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. 2020 ರ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ದಲ್ಲಾಳಿಗಳ ಫೋನು ವಾರಕ್ಕೆ ಎರಡು. ಮಗಳು ಒಮ್ಮೆ ಕೇಳಿದಳು, "ಅಪ್ಪ, ನೀವಿಲ್ದೆ ಹೋದ್ರೆ ಯಾವ ಬೋರಿಂದ ಯಾವ ಕಡೆ ನೀರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಕೇಳಿದ್ದು ಸರಿ. ಊರಿಗೆ ಬಂದ ಮೇಲೆ ಮಾಡಿದ ಕೆಲಸಗಳನ್ನು ಬರೆಯುತ್ತೇನೆ.

ಮೊದಲನೆಯದು, ಕಾಗದ. ಪಹಣಿಯಲ್ಲಿ ತಾತನ ಹೆಸರೇ ಇನ್ನೂ ಇರುವ ಮನೆಗಳು ನಮ್ಮೂರಲ್ಲೇ ಹತ್ತಾರು. ಪೌತಿ ಖಾತೆ ಮಾಡಿಸಿಕೊಳ್ಳಿ. ಅಣ್ಣತಮ್ಮಂದಿರ ಜಂಟಿ ಹಿಡುವಳಿಯಾದರೆ ಅಳತೆ ಮಾಡಿಸಿ ಪೋಡಿ ಆಗಲಿ. 2005 ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಅವರನ್ನು ಕೂರಿಸಿಕೊಂಡೇ ಮಾತಾಡಿ.

ಎರಡನೆಯದು, ಉಯಿಲು. ಇದಕ್ಕೆ ಸ್ಟಾಂಪ್ ಶುಲ್ಕವಿಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಪಿತ್ರಾರ್ಜಿತದಲ್ಲಿ ತನ್ನ ಪಾಲಿನ ಬಗ್ಗೆ ಮಾತ್ರ ಬರೆಯಬಹುದು.

ಮೂರನೆಯದು, ತೋಟದ ಪುಸ್ತಕ. ಇದನ್ನು ಕಾನೂನು ಕೇಳುವುದಿಲ್ಲ, ತೋಟ ಕೇಳುತ್ತದೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಜಮೀನಿನ ನಕ್ಷೆ ಬರೆದೆ. ಬೋರ್‌ವೆಲ್ ಎರಡು, ಎಷ್ಟು ಅಡಿ, ಮೋಟರ್ ಎಷ್ಟು ಅಡಿಗೆ ಇಳಿದಿದೆ, ನೆಲದೊಳಗಿನ ಪೈಪು ಎಲ್ಲಿ ತಿರುಗುತ್ತದೆ. ಯಾವ ಮಾವು ಯಾವ ವರ್ಷ ಕಸಿ ಕಟ್ಟಿದ್ದು, ಯಾವ ಹಲಸು ಪಲ್ಯಕ್ಕೆ, ಯಾವುದು ಹಣ್ಣಿಗೆ. ಆನೆ ಬರುವ ದಾರಿ ಯಾವುದು. ಬರೆಯುತ್ತಾ ಹೋದಂತೆ ಗೊತ್ತಾಯಿತು, ಇದರಲ್ಲಿ ಅರ್ಧ ಭಾಗ ಮನೆಯವರಿಗೇ ತಿಳಿದಿರಲಿಲ್ಲ. ಈಗ ಭಾನುವಾರ ಮಕ್ಕಳು ಬಂದಾಗ ಒಂದೊಂದು ಪುಟ ಹಿಡಿದು ತೋಟ ಸುತ್ತುತ್ತಾರೆ. ಮಗ ಜಮೀನು ನೋಡಿಕೊಳ್ಳುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟಿದ್ದು. ಕೊಡುವುದಾದರೂ ಏನು ಕೊಡುತ್ತಿದ್ದೇನೆ ಎಂದು ತಿಳಿದು ಕೊಡಲಿ.

ಹೋಗುವವರಿಗೆ

ಸೇಬಿನ ಹೂವು ನೋಡಬೇಕಾದರೆ ಏಪ್ರಿಲ್, ಕೊಯ್ಲು ನೋಡಬೇಕಾದರೆ ಸೆಪ್ಟೆಂಬರ್ ಕೊನೆ ಒಳ್ಳೆಯದು. ಸ್ವೆಟರು, ಮಂಡಿ ನೋವಿದ್ದವರಿಗೆ ಊರುಗೋಲು ಬೇಕು, ಊರೆಲ್ಲ ಹತ್ತಿಳಿಯುವುದೇ. ರೋರಿಚ್ ಮನೆಗೆ ವಾರದ ರಜೆ ಯಾವತ್ತು ಎಂದು ವಿಚಾರಿಸಿಕೊಂಡು ಹೊರಡಿ. ಪತ್ಲಿಕುಹಲ್‌ನಲ್ಲಿ ಸರ್ಕಾರದ ಟ್ರೌಟ್ ಮೀನು ಸಾಕಣೆ ಕೇಂದ್ರವಿದೆ, ತಣ್ಣನೆಯ ಹರಿವ ನೀರಿನಲ್ಲಿ ಮೀನು ಸಾಕುವ ಕ್ರಮ ನೋಡಬಹುದು. ತೋಟದವರು ಹಣ್ಣು ಕೈಗೆ ಕೊಟ್ಟೇ ಕಳಿಸುತ್ತಾರೆ, ಬರಿಗೈಲಿ ಹೋಗಬೇಡಿ. ನಾವು ರಾಗಿ ಹುರಿಹಿಟ್ಟು, ಬೆಲ್ಲ ಒಯ್ದಿದ್ದೆವು. ರಾಗಿಯನ್ನು ಆ ಯಜಮಾನರು ಬೆರಳಲ್ಲಿ ಉಜ್ಜಿ ನೋಡಿ, "ಇದು ನಮ್ಮಲ್ಲೂ ಹಿಂದೆ ಇತ್ತು, ಕೋದ್ರಾ ಅಂತೀವಿ" ಎಂದರು.